ಅವ್ವನ ಬಚ್ಚಲಿಗೊಂದು ಒಳಚಿಲಕ

ಚಿಂತೆ ಮಾಡುವುದನ್ನೇ ಕಸುಬು ಮಾಡಿಕೊಂಡವನಿಗೆ ಹಳೆಯ ಮನೆಯಂಥ ಅನುಕೂಲ ಇನ್ನೊಂದಿಲ್ಲ. ಹೊಸ ಮನೆಯವರು ಪಾಪ, ಗೋಡೆ ಎಲ್ಲಿ ಬಿರುಕು ಬಿಟ್ಟೀತು ಎಂದು ಕೂತು ಊಹಿಸಬೇಕು. ನಮಗೆ ಆ ಶ್ರಮವಿಲ್ಲ, ಬಿರುಕುಗಳು ಸಿದ್ಧವಾಗಿಯೇ ಇರುತ್ತವೆ. ಹೊಳಲ್ಕೆರೆಯ ನಮ್ಮ ಮನೆಯಲ್ಲಿ ತೊಲೆ ನೋಡಿದರೆ ಗೆದ್ದಲಿನ ಚಿಂತೆ, ಸ್ವಿಚ್ಚು ನೋಡಿದರೆ ಶಾಕಿನ ಚಿಂತೆ, ಎರಡನ್ನೂ ನೋಡದಿದ್ದರೆ ನೋಡಲಿಲ್ಲವಲ್ಲ ಎಂಬ ಚಿಂತೆ. ಮೊನ್ನೆ ಮನೆಗೆ ಬಂದಿದ್ದ ನೆಂಟರೊಬ್ಬರು ನನ್ನ ಕೆಲಸ ಏನೆಂದು ವಿಚಾರಿಸಿದರು. ಹೈಸ್ಕೂಲಿನಲ್ಲಿ ಗುಮಾಸ್ತ ಎಂದೆ. ನನ್ನ ಹೆಂಡತಿ ಸುಧಾ, "ಅದು ಸಂಜೆ ಐದರ ತನಕ ಕಣ್ರಿ. ಆಮೇಲೆ ಯೋಚ್ನೆ ಮಾಡೋ ಕೆಲ್ಸ ಐತೆ, ಅದಕ್ಕೆ ರಜ ಇಲ್ಲ" ಎಂದು ತಿದ್ದುಪಡಿ ಮಾಡಿದಳು.

ನನ್ನ ಚಿಂತೆಗಳ ಪೈಕಿ ಹಿರಿಯದು ಹಿತ್ತಲ ಕಡೆಯ ಬಚ್ಚಲುಮನೆ. ಮಸಿ ಹಿಡಿದ ಗೋಡೆ, ಒಲೆಯ ಮೇಲೆ ಹೂತಿಟ್ಟ ಹಂಡೆ, ಪಾಚಿಗಟ್ಟಿದ ಚಪ್ಪಡಿ ಕಲ್ಲು. ಬಾಗಿಲೆಂದರೆ ಒಂದು ತಗಡು. ಅದಕ್ಕೆ ಚಿಲಕವಿರಲಿಲ್ಲ. ಒಳಗಿದ್ದವರು ಬಕೆಟ್ಟನ್ನು ತಗಡಿಗೆ ಒರಗಿಸಿಕೊಳ್ಳಬೇಕು, ಹೊರಗಿನಿಂದ ಬರುವವರು ಕೆಮ್ಮಬೇಕು. ನಮ್ಮ ಮನೆಯಲ್ಲಿ ಯಾರಿಗೂ ನೆಗಡಿಯಿಲ್ಲದೆಯೂ ದಿನವಿಡೀ ಕೆಮ್ಮು ಕೇಳುತ್ತಿದ್ದುದಕ್ಕೆ ಇದೇ ಕಾರಣ. ಹೋದ ವರ್ಷ ಅವ್ವ ಆ ಚಪ್ಪಡಿಯ ಮೇಲೆ ಜಾರಿ, ಬೀಳದಂತೆ ಕಾದ ಹಂಡೆಯ ಕಂಠ ಹಿಡಿದು ಅಂಗೈ ಸುಟ್ಟುಕೊಂಡಳು. ಗಾಯ ಮಾಯಿತು. ಆದರೆ ನನ್ನ ಕಣ್ಣ ಮುಂದೆ ಅವ್ವ ದಿನಕ್ಕೊಮ್ಮೆ ಬೀಳುತ್ತಲೇ ಇದ್ದಳು. ಕೊನೆಗೆ ನಾಗಣ್ಣ ಮೇಸ್ತ್ರಿಯನ್ನು ಕರೆಸಿ ಎಲ್ಲವನ್ನೂ ಒಡೆಸಿದೆ.

ಜಾರದ ಟೈಲ್ಸು, ಗೀಸರು, ಕುರ್ಚಿಯಲ್ಲಿ ಕೂತಂತೆ ಕೂರಬಹುದಾದ ಕಮೋಡು ಬಂದವು. ಅಷ್ಟಕ್ಕೆ ನನಗೆ ಸಮಾಧಾನವಾಗದೆ ನಾಲ್ಕೂ ಗೋಡೆಗೆ ಸ್ಟೀಲಿನ ಹಿಡಿಕೆಗಳನ್ನು ಹಾಕಿಸಿದೆ. ಅವ್ವ ಹೊಸ್ತಿಲಲ್ಲಿ ನಿಂತು ಒಳಗೆ ಇಣುಕಿ, "ಬಸ್ಸು ಚೆನ್ನಾಗೈತೆ. ಕಂಡಕ್ಟರ್ ಯಾವಾಗ ಬರ್ತಾನೆ?" ಎಂದು ಕೇಳಿದಳು. ತಗಡಿನ ಜಾಗಕ್ಕೆ ಪ್ಲಾಸ್ಟಿಕ್ಕಿನ ಬಾಗಿಲು ಬಂತು. ಅಂಗಡಿಯಿಂದ ಬರುವಾಗಲೇ ಅದರ ಒಳಮೈಗೆ ಒಂದು ಚಿಲಕವಿತ್ತು. ಟೈಲ್ಸಿನ ಒರಟುತನವನ್ನು ಬೆರಳಲ್ಲಿ ಉಜ್ಜಿ ಉಜ್ಜಿ ಪರೀಕ್ಷಿಸಿದ ನಾನು ಚಿಲಕವನ್ನು ಗಮನಿಸಲೇ ಇಲ್ಲ.

ಮೊದಲ ದಿನ ಅವ್ವ ಒಳಗೆ ಹೋದಳು. ಟಕ್ ಎಂದು ಸದ್ದಾಯಿತು. ನೀರಿನ ಸದ್ದು ನಿಂತು ಬಹಳ ಹೊತ್ತಾದರೂ ಬಾಗಿಲು ತೆರೆಯಲಿಲ್ಲ. ಕೆಮ್ಮಿದೆ. ಬಾಗಿಲು ತಟ್ಟಿದೆ. "ಅವ್ವಾ, ಅವ್ವಾ" ಎಂದೆ. ನನ್ನ ದನಿ ಅಳುವಿನ ಹತ್ತಿರ ಬಂದಾಗ ಒಳಗಿನಿಂದ, "ಬದುಕಿದೀನಿ, ಹೋಗಲೇ" ಎಂಬ ಉತ್ತರ ಬಂತು. ಮರುದಿನವೂ ಹೀಗೆಯೇ. ಬರಬರುತ್ತಾ ಅವಳು ಉತ್ತರ ಕೊಡುವುದನ್ನೂ ಬಿಟ್ಟಳು. ನನಗೆ ಆಫೀಸಿನಲ್ಲಿ ಕೂತರೂ ಮುಚ್ಚಿದ ಬಾಗಿಲೇ ಕಾಣುತ್ತಿತ್ತು, ಅದರ ಹಿಂದೆ ಅವ್ವ ಮಲಗಿರುವುದೂ. ಅವಳು ತವರೂರು ಯಲ್ಲದಕೆರೆಯ ತಮ್ಮನ ಮನೆಗೆ ಹೋಗಿದ್ದಾಗ ಮೇಸ್ತ್ರಿಗೆ ಹೇಳಿ ಚಿಲಕ ಬಿಚ್ಚಿಸಿಬಿಟ್ಟೆ.

ಊರಿಂದ ಬಂದವಳು ಬಾಗಿಲಲ್ಲಿ ಉಳಿದಿದ್ದ ಮೊಳೆತೂತುಗಳ ಮೇಲೆ ಒಮ್ಮೆ ಬೆರಳಾಡಿಸಿದಳು. ಬಕೆಟ್ಟನ್ನು ಬಾಗಿಲಿಗೆ ಒರಗಿಸಿಕೊಂಡು ಐದೇ ನಿಮಿಷದಲ್ಲಿ ಸ್ನಾನ ಮುಗಿಸಿ ಬಂದಳು. ನಾನು ಗೆದ್ದೆನೆಂದುಕೊಂಡೆ. ಒಂದು ವಾರ ಕಳೆದ ಮೇಲೆ ಸುಧಾ, "ನಿಮ್ಮವ್ವ ತಲೆ ಮೇಲೆ ನೀರು ಹಾಕ್ಕಂಡೇ ಇಲ್ಲ, ನೋಡೀರಾ? ಮೈಗೆ ಎರಡು ಚೊಂಬು ಸುರ್ಕಂಡು ಬರ್ತಾರೆ. ಬಾಚಣಿಗೆ ಕೂದಲಿಗಿಳಿಯಲ್ಲ" ಎಂದಳು.

ಅವ್ವ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಕೂತು ಎರಡು ಕಾಯಿ ಸುಲಿದೆ. "ಯಾಕವ್ವ ಹಿಂಗೆ ಮಾಡ್ತೀಯ?" ಎಂದೆ.

"ನಾನೇನ್ ಮಾಡಿದ್ನಪ್ಪ?" ಎಂದಳು. ಆಮೇಲೆ ಕಾಯಿ ಸುಲಿಯುತ್ತಲೇ ಹೇಳಿದಳು: "ಯಲ್ಲದಕೆರೆಯಾಗೆ ಕುರಿಹಟ್ಟಿ ಪಕ್ಕ ತಡಿಕೆ ಕಟ್ಕಂಡು ನೀರು ಹಾಕ್ಕಂತಿದ್ವಿ. ಯಾರಾದ್ರೂ ಬತ್ತಾರೆ ಅಂತ ಒಂದು ಕಿವಿ ಹೊರಗೆ. ಇಲ್ಲಿಗೆ ಬಂದ್ರೆ ತಗಡು. ಮೈಗೆ ಒಂದು ಚೊಂಬು ಬೀಳಂಗಿಲ್ಲ, ಉಪ್ಪು ಎಲ್ಲೈತೆ ಅಂತ ನಿಮ್ಮಪ್ಪ, ನನ್ನ ಅಂಗಿ ಎಲ್ಲೈತೆ ಅಂತ ನೀನು. ಮೈತುಂಬ ಸೋಪು ಹಚ್ಕಂಡು ನಿಮ್ಮ ಸಂಸಾರ ನಡಿಸಿದೀನಿ. ಚಿಲಕ ಬಂದ ಮೇಲೆ ಎರಡು ಕಿವೀನೂ ಒಳಕ್ಕೆ ತಗಂಡು ಕುಂತ್ಕಂತಿದ್ದೆ. ಅಷ್ಟೇ ಕಣಪ್ಪ."

"ಒಳಗೆ ಬಿದ್ರೆ ಏನವ್ವ ಮಾಡಾದು?"

"ಬಿದ್ರೆ ಬಾಗ್ಲು ಒದಿ. ಪ್ಲಾಸ್ಟಿಕ್ಕು, ಒಂದೇ ಏಟಿಗೆ ಹೋಗ್ತೈತೆ."

ಆ ಭಾನುವಾರ ನಾನೇ ಸ್ಕ್ರೂಡ್ರೈವರ್ ಹಿಡಿದು ಚಿಲಕ ಕೂರಿಸಿದೆ. ಸೊಟ್ಟಗೆ ಕೂತಿತು, ಆದರೆ ಹಾಕಿದರೆ ಬೀಳುತ್ತದೆ. ಅವ್ವ ಒಂದು ಷರತ್ತು ಹಾಕಿದಳು: ನಾನು ಬಾಗಿಲ ಹತ್ತಿರ ಸುಳಿಯಕೂಡದು. ಹಾಗಾಗಿ ಅವಳು ಒಳಗಿರುವಷ್ಟು ಹೊತ್ತೂ ನಾನು ಬೀದಿಕಡೆಯ ಜಗಲಿಯಲ್ಲಿ ಕೂತಿರುತ್ತೇನೆ. ಒಂದಲ್ಲ ಒಂದು ದಿನ ಆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ ಎಂಬುದು ನನಗೆ ಗೊತ್ತು, ಅವಳಿಗೂ ಗೊತ್ತು. ಅವಳು ಅದು ಗೊತ್ತಿದ್ದೇ ಚಿಲಕ ಹಾಕಿಕೊಳ್ಳುತ್ತಾಳೆ. ನಾನು ಕೂತಲ್ಲೇ ಬಲಗಾಲನ್ನು ಮಡಚಿ ಚಾಚಿ ನೋಡುತ್ತೇನೆ. ಈ ಮೊಣಕಾಲಿನಲ್ಲಿ ಒಂದೇ ಏಟಿಗೆ ಬಾಗಿಲು ಒಡೆಯುವುದು ಅನುಮಾನ. ಬೀದಿಯಲ್ಲಿ ಹೋಗುವವರು ನಾನು ವ್ಯಾಯಾಮ ಶುರುಮಾಡಿದ್ದೇನೆಂದು ಮೆಚ್ಚಿಕೊಂಡಿದ್ದಾರೆ.

ಇಷ್ಟರಲ್ಲಿ ಅಡುಗೆಮನೆಯನ್ನೂ ರಿಪೇರಿ ಮಾಡಿಸಲೆಂದು ಕರೆಸಿದ್ದ ನಾಗಣ್ಣ ಮೇಸ್ತ್ರಿ ನೋಡಲು ಬಂದ. "ಈ ಗೋಡೆ ತೆಗ್ದು ಓಪನ್ ಕಿಚನ್ ಮಾಡಾಣ ಸಾರ್. ಈಗ ಎಲ್ಲಾ ಅಂಗೇ ಮಾಡಿಸ್ತಾರೆ. ಅಕ್ಕಾರು ಒಲೆ ಮುಂದೆ ಇದ್ರೂ ನೀವು ಇಲ್ಲಿಂದ್ಲೇ ಮಾತಾಡಬಹುದು" ಎಂದ. ನನಗೆ ಹಿಡಿಸಿತು. ಕುರ್ಚಿಯಲ್ಲಿ ಕೂತೇ ಗ್ಯಾಸು ಆರಿದೆಯೋ ಇಲ್ಲವೋ ನೋಡಬಹುದು. ಸರಿ ಎನ್ನುವಷ್ಟರಲ್ಲಿ ಒಳಗಿನಿಂದ ಸುಧಾಳ ದನಿ ಬಂತು.

"ಗೋಡೆ ಅಂಗೇ ಇರ್ಲಿ ಮೇಸ್ತ್ರಿ. ಬಾಗಿಲೊಂದು ಇಡ್ರಿ. ಚಿಲಕ ಒಳಗಡೆ."

ಮೇಸ್ತ್ರಿ ನನ್ನ ಮುಖ ನೋಡಿದ. ಆಮೇಲೆ ಫೋನಿನಲ್ಲಿ ಬಾಗಿಲುಗಳ ಚಿತ್ರ ತೆಗೆದು ನನ್ನ ಮುಂದೆ ಹಿಡಿದ. ಎಲ್ಲವೂ ಮಸುಕಾಗಿ ಕಂಡವು. "ಸುಧಾ, ನನ್ನ ಕನ್ನಡಕ..." ಎಂದು ಶುರುಮಾಡಿದವನು ಅಲ್ಲಿಗೇ ಬಾಯಿ ಮುಚ್ಚಿಕೊಂಡೆ. ಎದ್ದು ನಾನೇ ಹುಡುಕತೊಡಗಿದೆ. ಮೇಸ್ತ್ರಿ ಕಾದೂ ಕಾದೂ ನಾಳೆ ಬರ್ತೀನಿ ಎಂದು ಹೋದ. ಕನ್ನಡಕ ಇನ್ನೂ ಸಿಕ್ಕಿಲ್ಲ.