ಮಗಳ ಎರಡು ಸೀಟು

ಮಕ್ಕಳು ಮುಂದೆ ಏನು ಓದಬೇಕು ಎಂಬ ಮಾತು ಮನೆಯಲ್ಲಿ ಎದ್ದರೆ ಸಾಕು, ನಗುವಂಥದ್ದು ಒಂದಲ್ಲ ಒಂದು ನಡೆದೇ ನಡೆಯುತ್ತದೆ. ನಡೆಯುವಾಗ ಮಾತ್ರ ಯಾರಿಗೂ ನಗು ಬರುವುದಿಲ್ಲ.

ನಾನು ಕುಷ್ಟಗಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ನನ್ನ ಹೆಂಡತಿ ಮನೆಯಲ್ಲಿ ಮಷಿನ್ ಇಟ್ಟುಕೊಂಡು ಜಂಪರು, ರವಿಕೆ ಹೊಲಿಯುತ್ತಾಳೆ. ಬಿ.ಎಸ್ಸಿ. ಮುಗಿಸಿದ ಮಗಳಿಗೆ ಎಂ.ಎಸ್ಸಿ.ಗೆ ಎರಡು ಕಡೆ ಸೀಟು ಸಿಕ್ಕವು. ಒಂದು ಕೊಪ್ಪಳದಲ್ಲಿ, ಗಣಿತ. ದಿನಾ ಬಸ್ಸಿನಲ್ಲಿ ಹೋಗಿಬರಬಹುದು, ಅಂದರೆ ಖರ್ಚು ಕಡಿಮೆ. ಓದಿದರೆ ಮಾಸ್ತರಿಕೆಯಾದರೂ ಸಿಕ್ಕೀತು. ಇನ್ನೊಂದು ದೂರದ ವಿಶ್ವವಿದ್ಯಾಲಯದಲ್ಲಿ, ಭೂವಿಜ್ಞಾನ, ಅಂದರೆ ಕಲ್ಲು, ಮಣ್ಣು, ನೆಲದೊಳಗಿನ ನೀರು ಇವುಗಳ ಓದು. ಅಲ್ಲಿ ಹಾಸ್ಟೆಲ್ಲು, ಊಟ, ಎಲ್ಲ ನನ್ನ ಪಗಾರಕ್ಕೆ ಭಾರ. ಅವಳಿಗೆ ಬೇಕಾದದ್ದು ಅದೇ. ಆದರೆ ಕೇಳಿದರೆ, "ನೀವು ಹೆಂಗಂತೀರಿ ಹಂಗ, ಅಪ್ಪಾ" ಎನ್ನುತ್ತಿದ್ದಳು. ಇದಕ್ಕಿಂತ ಕಷ್ಟದ ಉತ್ತರ ಇನ್ನೊಂದಿಲ್ಲ.

ಟವೆಲ್

ನಮ್ಮ ಕಡೆ ಬಸ್ಸಿನಲ್ಲಿ ಗದ್ದಲವಿದ್ದರೆ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುತ್ತಾರೆ. ನನ್ನ ತಂದೆಗೆ ಗೊತ್ತಿದ್ದದ್ದು ಆ ಸೀಟು.

"ಒಬ್ಬಾಕಿಗೆ ಎರಡು ಸೀಟು ಯಾಕೋ? ಒಂದು ಬಿಡ್ರಿ, ಪಾಪ, ಯಾರರ ಕುಂದ್ರತಾರ."

"ಯಾವುದು ಬಿಡಬೇಕಂತ ತಿಳಿವಲ್ದಪ್ಪಾ."

"ತಿಳಿಯೂತನಕ ಎರಡರ ಮ್ಯಾಲೂ ಟವೆಲ್ ಹಾಕಿಡು."

"ಅಲ್ಲಿ ಟವೆಲ್ ನಡೆಂಗಿಲ್ಲ. ಮೊದಲ ಫೀ ಕಟ್ಟಬೇಕು."

"ಆಮ್ಯಾಲೆ ಮನಸು ಬದಲಾಗಿ ನಡುವ ಇಳಿದ್ರ?"

"ರೊಕ್ಕ ತಿರುಗಿ ಬರೂದು ಕಷ್ಟ."

ತಂದೆ ಗಂಭೀರವಾಗಿ ತಲೆಯಾಡಿಸಿದರು. "ಹಂಗಾರ ಅದು ನಾನ್‌ಸ್ಟಾಪ್ ಬಸ್ಸು. ಹತ್ತೂಕಿಂತ ಮೊದಲ ಬೋರ್ಡ್ ಸರಿಯಾಗಿ ಓದು ಅಂತ ಹೇಳು ಆಕಿಗೆ."

ತೆಂಗಿನಕಾಯಿ

ಬೋರ್‌ವೆಲ್ ಹಾಕಿಸುವ ಮೊದಲು ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ಹೊಲದಲ್ಲಿ ನಡೆಯುವವರು ನಮ್ಮಲ್ಲಿದ್ದಾರೆ. ಕಾಯಿ ಎದ್ದು ನಿಂತ ಕಡೆ ನೀರಿದೆ ಎಂದು ಲೆಕ್ಕ. ಯಲಬುರ್ಗಾ ಕಡೆಯ ಗಿರಾಕಿಯೊಬ್ಬರು ಅಂಗಡಿಯಲ್ಲಿ ಸೀರೆ ನೋಡುತ್ತ, ಭೂವಿಜ್ಞಾನ ಓದಿದರೆ ಏನು ನೌಕರಿ ಎಂದು ಕೇಳಿದರು. ನೀರಿರುವ ಜಾಗ ಗುರುತಿಸುವ ಕೆಲಸವೂ ಸಿಗುತ್ತದೆ ಎಂದೆ.

"ಅದಕ್ಕ ಅಷ್ಟು ದೂರ ಯಾಕ್ರೀ? ಆ ಗುಣ ರಕ್ತದಾಗ ಬರತೈತಿ. ನಿಮಗೈತೇನು ನೋಡೂಣು, ಹಿಡೀರಿ," ಎಂದು ಚೀಲದಿಂದ ಕಾಯಿ ತೆಗೆದು ನನ್ನ ಅಂಗೈಯಲ್ಲಿ ಅಡ್ಡ ಇಟ್ಟರು.

ಕಾಯಿ ಎದ್ದು ನಿಂತಿತು. ಕೈ ನಡುಗಿದ್ದಕ್ಕೋ ಏನೋ, ನನಗೆ ಈಗಲೂ ಗೊತ್ತಿಲ್ಲ.

ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಮಾಲೀಕರು ಎದ್ದೇ ನಿಂತರು. "ಏ, ಕೈ ಕೆಳಗ ಇಳಸಪಾ! ಮೊನ್ನೆರ ಟೈಲ್ಸ್ ಹಾಕಿಸೀನಿ!"

ಹೂವು

ಫೀ ಕಟ್ಟಲು ಒಂದೇ ದಿನ ಉಳಿಯಿತು. "ಗುಡಿಗೆ ಹೋಗಿ ತಾಯಿನ್ನ ಕೇಳೂಣು" ಎಂದಳು ಹೆಂಡತಿ. ಹತ್ತನೆಯ ತರಗತಿ ಪಾಸಾದ ಮೇಲೆ ಕಾಲೇಜು ದೂರ ಎಂದೇ ಅವಳ ಓದು ನಿಂತಿತ್ತು. ಆ ಮಾತನ್ನು ಅವಳು ಎಂದೂ ಎತ್ತಿದವಳಲ್ಲ.

ಓಣಿಯ ದೇವಿಯ ಗುಡಿಯಲ್ಲಿ ಹೂವು ಕೇಳುವುದೆಂದರೆ ಹೀಗೆ: ಮೂರ್ತಿಯ ಎರಡೂ ಬದಿಗೆ ಒದ್ದೆ ಹೂವು ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ದೂರದ ಸೀಟು ಹಿಡಿಯಲೇ ಎಂದು ಕೇಳಿ ಕುಳಿತೆವು. ಬಹಳ ಹೊತ್ತಿನ ಮೇಲೆ ಹೂವು ಬಿತ್ತು.

"ಎಡಕ್ಕ ಬಿತ್ತವಾ," ಎಂದ ಪೂಜಾರಿ. "ಬ್ಯಾಡ ಅಂತಾಳ ತಾಯಿ."

"ಇರಲಿ ಬಿಡವ್ವಾ, ಗಣಿತನೂ ಛಲೋನ ಐತಿ," ಎಂದಳು ಮಗಳು, ನೆಲ ನೋಡುತ್ತ. ಖರ್ಚಿನ ಭಾರ ಇಳಿಯಿತು ಎಂದು ನನಗೆ ಹಗುರಾಗಬೇಕಿತ್ತು. ಆಗಲಿಲ್ಲ.

ಹೆಂಡತಿ ಕುಳಿತಲ್ಲಿಂದ ಏಳಲಿಲ್ಲ. "ಪೂಜಾರಪ್ಪಾ, ಎಡಾ ಅಂದ್ರ ಯಾರ ಎಡಾ?"

"ತಾಯೀದು."

"ತಾಯಿ ನಮ್ಮ ಕಡೆ ಮುಖಾ ಮಾಡ್ಯಾಳ. ನಮ್ಮ ಕಡಿಂದ ನೋಡಿದ್ರ ಬಲಕ್ಕ ಬಿದ್ದೈತಿ."

ನಾನು ಮೆಲ್ಲಗೆ, "ಖರ್ಚು?" ಎಂದೆ.

"ಮಷಿನ್ ಐತಿ, ನಾ ಅದೀನಿ. ನೀವು ಸುಮ್ಕಿರ್ರಿ."

ಪೂಜಾರಿ ಬಿಡಲಿಲ್ಲ. "ಮೊದಲಿನಿಂದ ತಾಯಿ ಬಲಾನ ಹಿಡಕೊಂಡು ಬಂದೀವವಾ."

ಹೆಂಡತಿ ಬಿದ್ದ ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡು ಮಗಳ ಜಡೆಗೆ ಸಿಕ್ಕಿಸಿದಳು. "ಹಾಸ್ಟೆಲಿಗೆ ಹೋಗಾಕಿ ತಾಯಿ ಏನ್ರೀ? ಹೋಗಾಕಿ ನನ್ನ ಮಗಳು. ಆಕಿ ಬಲಾ ಹಿಡೀರಿ!"