ಅತ್ತೆ ಕೊಟ್ಟ ಕಾವಲಿ, ನಾನು ಮಾಡಿದ ಸ್ಟಿರ್ ಫ್ರೈ

ಹದಿನೇಳು ವರ್ಷದಿಂದ ಮಧುಗಿರಿ ಕೋರ್ಟಿನಲ್ಲಿ ವಕೀಲರ ಗುಮಾಸ್ತನಾಗಿ ಎಂತೆಂಥ ಕಕ್ಷಿದಾರರನ್ನು ಸುಧಾರಿಸಿದವನು ನಾನು! ಅಣ್ಣತಮ್ಮಂದಿರ ಜಗಳವನ್ನು ಒಂದು ಕಾಫಿಯಲ್ಲಿ ರಾಜಿ ಮಾಡಿಸಿದವನು! ಅಂಥವನಿಗೆ ನಾಲ್ಕು ತರಕಾರಿ ಹುರಿಯುವುದು ಯಾವ ಘನಂದಾರಿ ಕೆಲಸ? ಕಳೆದ ಶನಿವಾರ ನನ್ನ ಹೆಂಡತಿ ಮಾನಸಳ ಎದುರು ಎದೆ ತಟ್ಟಿ ಹೀಗೇ ಹೇಳಿದೆ.

ಅವಳು ಅವರಮ್ಮನನ್ನು ಕರೆತರಲು ಕೊಡಿಗೇನಹಳ್ಳಿಗೆ ಹೊರಟಿದ್ದಳು. ನಮ್ಮತ್ತೆ ಕಮಲಾಕ್ಷಮ್ಮನವರಿಗೆ ಡಾಕ್ಟರು ಎಣ್ಣೆ ಕಮ್ಮಿ, ತರಕಾರಿ ಜಾಸ್ತಿ ಎಂದಿದ್ದರು.

"ನಾಳೆ ಸಂಜೆ ನೀವು ಬರೋ ಹೊತ್ತಿಗೆ ಸ್ಟಿರ್ ಫ್ರೈ ರೆಡಿ!" ಎಂದೆ.

"ಹಂಗಂದ್ರೇನ್ರೀ?"

"ದೊಡ್ಡ ಉರಿ, ಎರಡು ಚಮಚ ಎಣ್ಣೆ, ಮೂರೇ ನಿಮಿಷ. ತರಕಾರಿ ಹುರಿದು ಇಳಿಸೋದು."

"ಪಲ್ಯ ಅನ್ನಿ."

"ಪಲ್ಯ ಅಲ್ಲ ಕಣೇ! ಪಲ್ಯ ಬೇಯುತ್ತೆ. ಇದು ಕುಣಿಯುತ್ತೆ!"

"ಏನಾದ್ರೂ ಕುಣಿಸ್ಕೊಳ್ಳಿ. ಅಮ್ಮನ ಕಾವಲಿ ಒಂದು ಮುಟ್ಟಬೇಡಿ."

ಈ ಕಾವಲಿಯ ವಿಷಯ ಹೇಳಿಬಿಡುತ್ತೇನೆ. ಅದು ಕಬ್ಬಿಣದ ದೋಸೆ ಕಾವಲಿ. ನಮ್ಮತ್ತೆಗೆ ಅವರತ್ತೆ ಕೊಟ್ಟಿದ್ದು. ಮದುವೆಯಲ್ಲಿ ನಮ್ಮತ್ತೆ ಅದನ್ನು ಮಗಳಿಗೆ ಕೊಟ್ಟರು. ನನಗೆ ಕೊಟ್ಟ ಉಂಗುರ ಎಂದೋ ಸವೆಯಿತು, ಕಾವಲಿ ಮಾತ್ರ ದಿನೇ ದಿನೇ ಮಿರುಗುತ್ತಿದೆ. ಅದರ ಮೇಲೆ ಚಪಾತಿ ಬೇಯಿಸುವಂತಿಲ್ಲ. ಸೋಪು ತಾಗಿಸುವಂತಿಲ್ಲ. ಒಮ್ಮೆ ನನ್ನ ಷಡ್ಡಕ ಬಂದವನು ಅದರ ಮೇಲೆ ಒಂದು ಹಪ್ಪಳ ಸುಟ್ಟ. ಮಾನಸ ಅವನ ಜೊತೆ ಮೂರು ತಿಂಗಳು ಮಾತಾಡಲಿಲ್ಲ. ಒಂದೇ ಒಂದು ಹಪ್ಪಳಕ್ಕೆ!

ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಮಾರ್ಕೆಟ್ಟಿಗೆ ಹೋದೆ. ನಾನು ನಾಲ್ಕು ಸಲ ನೋಡಿದ್ದ ಸ್ಟಿರ್ ಫ್ರೈ ವಿಡಿಯೋದಲ್ಲಿ ಆಯಮ್ಮ ಒತ್ತಿ ಒತ್ತಿ ಹೇಳಿದ್ದರು, ಅರ್ಧ ರುಚಿ ತರಕಾರಿ ಆರಿಸುವುದರಲ್ಲೇ ಇದೆ ಅಂತ. ದಪ್ಪ ಮೆಣಸಿನಕಾಯಿ ಕೈಯಲ್ಲಿ ತೂಗಬೇಕು. ಎಲೆಕೋಸು ಗಟ್ಟಿಯಿರಬೇಕು. ಹುರುಳಿಕಾಯಿ ಬಗ್ಗಿಸಿದರೆ ಟಕ್ಕನೆ ಮುರಿಯಬೇಕು. ನಾನು ಒಂದೊಂದೇ ಹುರುಳಿಕಾಯಿಯನ್ನು ಕಿವಿಯ ಹತ್ತಿರ ಹಿಡಿದು ವಿಚಾರಣೆ ನಡೆಸಿದೆ. ಟಕ್! ಟಕ್! ಟಕ್!

ತರಕಾರಿ ಗಂಗಹನುಮಯ್ಯ ಸ್ವಲ್ಪ ಹೊತ್ತು ತಾಳಿಕೊಂಡ.

"ಏನ್ ಸ್ವಾಮಿ, ಅರ್ಧ ಕೇಜಿ ಹುಳ್ಳಿಕಾಯಿ ಮುರಿದಾಕ್ಬುಟ್ರಿ! ಇನ್ಯಾರಿಗೆ ಮಾರ್ಲಿ ಇದ್ನ?"

"ಪರೀಕ್ಷೆ ಮಾಡ್ತಿದೀನಪ್ಪ. ಬೇಬಿ ಕಾರ್ನ್ ಇದೆಯಾ?"

"ಏನಂಗಂದ್ರೆ?"

"ಎಳೇ ಜೋಳ."

"ನಮ್ಕಡೆ ಜ್ವಾಳ ಬಲಿತ ಮ್ಯಾಲೇ ಸ್ವಾಮಿ ಸಂತೆಗ್ ಬರಾದು. ಎಳೇದ್ನ ಯಾವ್ ಪಾಪಿ ಕಿತ್ತಾನು?"

ಮುರಿದ ಹುರುಳಿಕಾಯಿಯನ್ನೆಲ್ಲ ನನಗೇ ಕಟ್ಟಿ ಕಳಿಸಿದ. ಅಲ್ಲಿಯವರೆಗೂ ನನಗೆ ಯಾವ ಅಪಶಕುನವೂ ಕಾಣಿಸಲಿಲ್ಲ.

ಮನೆಗೆ ಬಂದು ಎಲ್ಲವನ್ನೂ ತೊಳೆದು ಹೆಚ್ಚಿದೆ. ವಿಡಿಯೋ ಇನ್ನೊಂದು ಸಲ ಹಾಕಿದೆ. ಆಯಮ್ಮ ಹೇಳಿದರು: "ದಪ್ಪ ಕಬ್ಬಿಣದ ಪಾತ್ರೆಯೇ ಬೇಕು. ಬೇರೆ ಯಾವುದೂ ಆಗಲ್ಲ."

ನಮ್ಮ ಬಾಣಲೆ ಅಲ್ಯೂಮಿನಿಯಂ. ಅಡುಗೆಮನೆಯಲ್ಲಿದ್ದ ಕಬ್ಬಿಣ ಎಂದರೆ ಈಳಿಗೆಮಣೆ ಮತ್ತು ಮೊಳೆಗೆ ನೇತುಹಾಕಿದ್ದ ಆ ಕಾವಲಿ. ಈಳಿಗೆಮಣೆಯಲ್ಲಿ ಹುರಿಯಲು ಬರುವುದಿಲ್ಲ. ಮಾನಸ ಮುಟ್ಟಬೇಡಿ ಎಂದಿದ್ದಳು, ನಿಜ. ಆದರೆ ಕಾನೂನು ಎಂದಮೇಲೆ ಒಂದು ಸಂದು ಇದ್ದೇ ಇರುತ್ತದೆ. ಮೂರು ನಿಮಿಷ ಹುರಿದು, ಒರೆಸಿ, ಅದೇ ಮೊಳೆಗೆ ಹಾಕಿದರೆ ಅದು ಮುಟ್ಟಿದ ಲೆಕ್ಕವೇ ಅಲ್ಲ! ಎರಡೂ ಕಿವಿ ಹಿಡಿದು ಕಾವಲಿಯನ್ನು ಒಲೆಗೇರಿಸಿದೆ. ಉರಿಯನ್ನು ಪೂರ್ತಿ ತಿರುಗಿಸಿದೆ. ಎಣ್ಣೆ ಹೊಗೆಯಾಡಿತು. ತರಕಾರಿ ಸುರಿದೆ.

ತರಕಾರಿಯ ತೇವ ಒರೆಸಿಕೊಳ್ಳಿ ಎಂದು ಆಯಮ್ಮ ಹೇಳಿದ್ದನ್ನು ನಾನು ಕೇಳಿಸಿಕೊಂಡಿರಲಿಲ್ಲ. ಚಟಪಟ ಚಟಪಟ! ಎಣ್ಣೆ ನನ್ನ ಬನಿಯನ್ನಿನವರೆಗೂ ಹಾರಿತು. ಗಾಬರಿಯಲ್ಲಿ, ನೀರಲ್ಲಿ ಕಲಸಿಟ್ಟಿದ್ದ ಕಾರ್ನ್‌ಫ್ಲೋರನ್ನೂ ಸೋಯಾ ಸಾಸನ್ನೂ ಒಟ್ಟಿಗೆ ಸುರಿದೆ. ಮೂರನೇ ನಿಮಿಷಕ್ಕೆ ಕ್ಯಾರೆಟ್ಟು, ಕೋಸು, ಹುರುಳಿಕಾಯಿ ಎಲ್ಲ ಸೇರಿ ರಸ್ತೆಗೆ ಹಾಕುವ ಡಾಂಬರಾಗಿ ಕಾವಲಿಗೆ ಅಂಟಿಕೊಂಡವು. ಕುಣಿಯುವುದಿರಲಿ, ಅಲ್ಲಾಡಲೂ ಇಲ್ಲ!

ಒಲೆ ಆರಿಸಿ ಗಡಿಯಾರ ನೋಡಿದೆ. ಗಂಟೆ ಹನ್ನೊಂದೂವರೆ. ಸಂಜೆ ಐದಕ್ಕೆ ಬಸ್ಸು. ಸಾಕ್ಷ್ಯ ನಾಶವಾಗಬೇಕು! ಪಾತ್ರೆ ಪುಡಿ, ಹುಣಸೆಹಣ್ಣು, ಸ್ಟೀಲ್ ನಾರು ತಂದು ಕೂತೆ. ಒಂದೂವರೆ ಗಂಟೆ ಉಜ್ಜಿದೆ. ಡಾಂಬರು ಹೋಯಿತು. ಅದರ ಹಿಂದೆಯೇ ಕಾವಲಿಯ ಕರಿ ಬಣ್ಣವೂ ಹೋಯಿತು. ಅಷ್ಟು ವರ್ಷದ ಕೊಳೆ ಎಂದುಕೊಂಡು ಇನ್ನಷ್ಟು ಉತ್ಸಾಹದಿಂದ ಉಜ್ಜಿದೆ. ಕಾವಲಿ ಬೆಳ್ಳಿ ತಟ್ಟೆಯ ಹಾಗೆ ಫಳಫಳ ಎಂದಿತು! ಮಾನಸ ನೋಡಿದರೆ ಸಂತೋಷಪಡುತ್ತಾಳೆ ಎಂದುಕೊಂಡೆ.

ಉಜ್ಜುವ ಸದ್ದು ಕೇಳಿ ಪಕ್ಕದ ಮನೆ ಸರಸಮ್ಮ ಬಂದರು. ಇಪ್ಪತ್ತು ವರ್ಷ ಬಸ್‌ಸ್ಟ್ಯಾಂಡ್ ಹತ್ತಿರ ದೋಸೆ ಗಾಡಿ ನಡೆಸಿದವರು. ಕಾವಲಿ ನೋಡಿದವರೇ ಎದೆ ಮೇಲೆ ಕೈ ಇಟ್ಟುಕೊಂಡರು.

"ಅಯ್ಯಯ್ಯೋ ಬಸವೇಶಣ್ಣ! ಏನ್ ಮಾಡ್ಬುಟ್ರಿ!"

"ಯಾಕೆ, ಹೊಳೀತಿದೆಯಲ್ಲ?"

"ಹೊಳದ್ರೆ ದ್ವಾಸೆ ಏಳ್ತದಾ? ಕಾವಲಿ ಜೀವ ಇರಾದೇ ಆ ಕರಿಯಾಗೆ! ಅಮ್ಮೋರ ಕಾವ್ಲೀನ ಇಂಗೆ ಬೋಳಿಸಿ ಮಡಗಿದೀರಲ್ಲ!"

ಒಂದು ಹಪ್ಪಳಕ್ಕೆ ಮೂರು ತಿಂಗಳಾದರೆ ಇದಕ್ಕೆ ಎಷ್ಟು? ಅದೂ ಕೊಟ್ಟವರೇ ಅದೇ ಬಸ್ಸಿನಲ್ಲಿ ಬರುತ್ತಿದ್ದಾರೆ! ಅತ್ತೆಯ ಮುಖ, ಅವರತ್ತೆಯ ಮುಖ, ನಾನು ಎಂದೂ ನೋಡಿರದ ಅವರ ಹಿಂದಿನವರ ಮುಖ, ಎಲ್ಲ ಸಾಲಾಗಿ ಕಣ್ಣ ಮುಂದೆ ಬಂದವು.

"ಹೆಂಗಾದ್ರೂ ಕಾಪಾಡಿ ಸರಸಮ್ಮ! ನಿಮ್ಮ ಕಾಲು ಹಿಡೀತೀನಿ!"

ಸರಸಮ್ಮ ಕಾವಲಿಯ ಎರಡು ಕಿವಿ ಹಿಡಿದು ತಿರುಗಿಸಿ ಮುರುಗಿಸಿ ನೋಡಿದರು. ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡು, ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ದುಃಖ ತಡೆಯಲಾಗುತ್ತಿಲ್ಲ, ಪಾಪ, ಎಂದುಕೊಂಡೆ.

"ಪಳಗಿಸ್ಬೇಕು. ಬ್ಯಾರೆ ದಾರಿ ಇಲ್ಲ. ಎಣ್ಣೆ ಸವರಿ ಕಾಯ್ಸಿ, ಆರ್ಸಿ, ಈರುಳ್ಳಿ ತಿಕ್ಕಿ. ನಾಕು ಸಲ. ಆಮ್ಯಾಕೆ ದ್ವಾಸೆ ಉಯ್ತಾ ಇರಿ, ಏಳಾಗಂಟ. ಹಿಟ್ ನಾನ್ ಕೊಡ್ತೀನಿ." ಹಾಗೆಂದು ಹೋಗಿ ಒಂದು ಪಾತ್ರೆ ಹಿಟ್ಟು ತಂದು ಕೊಟ್ಟರು. ಬಾಗಿಲ ಆಚೆ ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತಾ ಹೋದರು.

ಎಣ್ಣೆ ಸವರಿದೆ. ಕಾಯಿಸಿದೆ. ಈರುಳ್ಳಿ ತಿಕ್ಕಿದೆ. ಕಣ್ಣಲ್ಲಿ ನೀರು ಬಂತು, ಅದು ಈರುಳ್ಳಿಗೋ ಭಯಕ್ಕೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಮಾನಸಳ ಫೋನು.

"ಏನ್ರೀ ಮಾಡ್ತಿದೀರಿ?"

"ಯಾವ ಕಾವಲಿ?" ಎಂದುಬಿಟ್ಟೆ. ನಮ್ಮ ಕೋರ್ಟಿನಲ್ಲಿ ಯಾವ ಆರೋಪಿಯೂ ಇಷ್ಟು ಬೇಗ ಸಿಕ್ಕಿಬಿದ್ದಿಲ್ಲ!

"ನಾನು ಕಾವಲಿ ಅನ್ನಲೇ ಇಲ್ಲವಲ್ಲ. ಸರಿ, ಐದಕ್ಕೆ ಬಸ್‌ಸ್ಟ್ಯಾಂಡಿಗೆ ಬನ್ನಿ. ಅಮ್ಮನ ಚೀಲ ಭಾರ ಇದೆ" ಎಂದು ಇಟ್ಟಳು.

ಮೊದಲ ದೋಸೆ ಕಾವಲಿಯನ್ನು ಬಿಡಲಿಲ್ಲ. ಎರಡನೆಯದು ಚೂರುಚೂರಾಗಿ ಬಂತು. ಮೂರನೆಯದಕ್ಕೆ ನಡುವೆ ಹೊಂಡ. ಚೂರುಗಳನ್ನು ಬೀದಿಗೆ ಎಸೆದರೆ ಯಾರಾದರೂ ನೋಡುತ್ತಾರೆ, ಕಸದ ಬುಟ್ಟಿಗೆ ಹಾಕಿದರೆ ಮಾನಸ ನೋಡುತ್ತಾಳೆ. ಹಾಗಾಗಿ ಎಲ್ಲವನ್ನೂ ನಾನೇ ತಿಂದೆ. ಚಟ್ನಿಯಿಲ್ಲದೆ, ನಿಂತುಕೊಂಡು, ಗಡಿಯಾರ ನೋಡುತ್ತಾ! ಹದಿಮೂರನೆಯ ದೋಸೆ ಅಂಚು ಬಿಟ್ಟು ತಾನಾಗಿ ಮೇಲೆದ್ದಾಗ ಗಂಟೆ ನಾಲ್ಕೂ ಮುಕ್ಕಾಲು. ಕಾವಲಿ ಮತ್ತೆ ಕಪ್ಪಾಗಿತ್ತು. ಮೊಳೆಗೆ ಹಾಕಿ, ಕೈಮುಗಿದು ಓಡಿದೆ.

ಅತ್ತೆಯವರ ಚೀಲ ನಿಜಕ್ಕೂ ಭಾರವಿತ್ತು. "ಏನತ್ತೆ, ಬೆಟ್ಟದ ಬಂಡೆ ಹೊತ್ಕೊಂಡ್ ಬಂದಿದೀರಾ?" ಎಂದು ನಗಲು ನೋಡಿದೆ. "ಇರ್ಲಿ ಬುಡಿ ಅಳಿಯಂದ್ರೆ, ಕೆಲ್ಸಕ್ ಬತ್ತದೆ" ಎಂದರು.

ಮನೆಗೆ ಬಂದವಳೇ ಮಾನಸ, "ಅಮ್ಮನಿಗೆ ಎರಡು ದೋಸೆ ಹುಯ್ತೀನಿ" ಎಂದು ಕಾವಲಿ ಇಳಿಸಿದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಹಿಟ್ಟು ಬಿತ್ತು. ಚುಂಯ್ ಎಂದಿತು. ಅವಳು ಮಗುಚುವ ಕೈ ಹಾಕಿದಳು. ನಾನು ಕಣ್ಣು ಮುಚ್ಚಿದೆ. ದೋಸೆ ಬೆಣ್ಣೆಯ ಹಾಗೆ ಎದ್ದು ಬಂತು! ಗೆದ್ದೆ! ಖುಲಾಸೆ!

"ಮಾನಸಾ, ನಿನ್ ಹೊಸಾ ಕಾವ್ಲಿ ಭೇಷಾಗಿ ಪಳಗೈತೆ ಕಣಮ್ಮ" ಎಂದರು ಅತ್ತೆ.

"ಹೊಸಾದಾ?" ಎಂದೆ.

ಮಾನಸ ಅಕ್ಕಿ ಡಬ್ಬದ ಒಳಗೆ ಕೈ ಹಾಕಿ, ಹಳೇ ಸೀರೆಯಲ್ಲಿ ಸುತ್ತಿದ್ದ ಒಂದು ಗಂಟನ್ನು ತೆಗೆದಳು. ಬಿಚ್ಚಿದಳು. ಕಪ್ಪಗೆ ಮಿರಮಿರ ಎನ್ನುವ ಕಾವಲಿ. ಅದಕ್ಕೆ ಒಂದೇ ಕಿವಿ!

"ನೀವು 'ಕುಣಿಯುತ್ತೆ' ಅಂದಾಗಲೇ ಅಮ್ಮನ ಕಾವಲಿ ಎತ್ತಿಟ್ಟು, ಮೊಳೆಗೆ ಹೊಸದನ್ನ ಹಾಕಿ ಹೋದೆ. ಸಂತೆಯಿಂದ ತಂದು ಎರಡು ತಿಂಗಳಾಗಿತ್ತು. ಮೊದಲು ಆ ಅಂಗಡಿ ಕರಿ ಬಣ್ಣ ಉಜ್ಜಿ ತೆಗೀಬೇಕು, ಆಮೇಲೆ ಪಳಗಿಸಬೇಕು, ಪುರುಸೊತ್ತೇ ಇರಲಿಲ್ಲ." ಅವಳು ನನ್ನನ್ನೇ ನೋಡಿದಳು. "ಅಲ್ರೀ, ಹದಿನೆಂಟು ವರ್ಷ ಈ ಕಾವಲಿ ದೋಸೆ ತಿಂದಿದೀರಿ. ಇದಕ್ಕೆ ಒಂದು ಕಿವಿ ಮುರಿದಿದೆ ಅಂತ ನಿಮಗೆ ಗೊತ್ತೇ ಇರಲಿಲ್ವಾ?"

ಗೊತ್ತಿರಲಿಲ್ಲ. ತಿನ್ನುವವನು ಕಾವಲಿಯ ಕಡೆ ಯಾಕೆ ನೋಡುತ್ತಾನೆ? ಮಾರ್ಕೆಟ್ಟಿನಲ್ಲಿ ಒಂದೊಂದು ಹುರುಳಿಕಾಯಿಯನ್ನೂ ಮುರಿದು ನೋಡಿದವನು ಮನೆಯ ಒಲೆಯ ಮೇಲಿನದನ್ನು ಒಂದು ದಿನವೂ ನೋಡಿರಲಿಲ್ಲ. ನಿಜವಾಗಿ ನಾಚಿಕೆಯಾಯಿತು.

"ಸರಸಮ್ಮಂಗೆ ಕಿವಿ ನೋಡ್ತಿದ್ದಂಗೇ ಗೊತ್ತಾಗೋಯ್ತಂತೆ" ಎಂದರು ಅತ್ತೆ. "ಆಗ್ಲೇ ಫೋನ್ ಮಾಡಿದ್ಲು. ನಾವಿನ್ನೂ ಬಸ್ ಹತ್ತಿರ್ನಿಲ್ಲ. ಅದ್ಕೇ..."

ನಾನು ಬಸ್‌ಸ್ಟ್ಯಾಂಡಿನಿಂದ ಹೊತ್ತು ತಂದಿದ್ದ ಚೀಲವನ್ನು ಮುಂದಕ್ಕೆಳೆದು ಬಿಚ್ಚಿದರು. ಪೇಪರಿನಲ್ಲಿ ಸುತ್ತಿದ ಹೊಚ್ಚಹೊಸ ಕಾವಲಿಗಳು ಎರಡು!

"ಒಂದು ನಂದು, ಒಂದು ನಮ್ ಸಣ್ಮಗಳ್ದು. ಆ ಕುಣಿಯೋ ಪಲ್ಯ ಬ್ಯಾಕಾದ್ರೆ ಮೊದ್ಲು ಮಾಡ್ಕಳಿ ಅಳಿಯಂದ್ರೆ, ಬ್ಯಾಡ ಅನ್ನಕಿಲ್ಲ. ಉಜ್ಜಾದು ಮಾತ್ರ ಇವತ್ ಉಜ್ಜಿದಂಗೇ ಉಜ್ಬೇಕು!"