ಹಿಮ ಹೊತ್ತ ಮರಗಳೂ ಮತ್ತಿಕೆರೆಯ ಸ್ಟುಡಿಯೋನೂ

ಕೆಲವರು ರಸ್ತೆಗಿಳಿದರೆ ಬೀದಿನಾಯಿ ಬೆನ್ನು ಹತ್ತುತ್ತದೆ. ನಾನು ಕ್ಯಾಮೆರಾ ಹೆಗಲಿಗೇರಿಸಿದರೆ ಏನಾದರೊಂದು ಫಜೀತಿ ಬೆನ್ನು ಹತ್ತುತ್ತದೆ. ಮತ್ತಿಕೆರೆಯಲ್ಲಿ ನನ್ನದೊಂದು ಪುಟ್ಟ ಸ್ಟುಡಿಯೋ ಇದೆ. ಪಾಸ್‌ಪೋರ್ಟ್ ಸೈಜ್ ಫೋಟೋ, ನಾಮಕರಣ, ಮದುವೆ, ಹೀಗೆ ವರ್ಷವಿಡೀ ಜನರ ಮುಖ ನೋಡುವ ಕೆಲಸ. ಧನುರ್ಮಾಸ ಬಂದು ಮದುವೆಗಳು ನಿಂತವೋ, ಶಟರ್ ಎಳೆದು ಹಿಮಾಲಯದ ಕಡೆ ಹೊರಟುಬಿಡುತ್ತೇನೆ. ಗಾಳಿಗೆ ಬಾಗಿ, ಸಿಡಿಲಿಗೆ ಸೀಳಿ, ಮೈಯೆಲ್ಲ ಗಂಟುಗಂಟಾಗಿ, ತಲೆ ಮೇಲೆ ಹಿಮ ಹೊತ್ತು ನಿಂತ ಮುದಿ ಮರಗಳ ಫೋಟೋ ತೆಗೆಯುವುದು ನನ್ನ ಹುಚ್ಚು. ಮರಗಳು ಪಾಪ, ‘ನಾನು ದಪ್ಪ ಕಾಣ್ತಿದೀನಿ’ ಅಂತ ಯಾವತ್ತೂ ಜಗಳ ತೆಗೆದಿಲ್ಲ. ಫಜೀತಿಯೆಲ್ಲ ಮರದ ಸುತ್ತ ಇರುವ ಮನುಷ್ಯರದ್ದೇ.

ಸುಣ್ಣ

ಮೊದಲ ಸಲ ಹೊರಟಾಗ ಅಂಗಡಿ ಮಾಲೀಕರಿಗೆ ಹೇಳಿ ಹೋಗೋಣ ಅಂತ ಅವರ ಮನೆಗೆ ಹೋದೆ. ಹಳೇ ಕಾಲದ ಒಕ್ಕಲು ಮನೆತನದ ಹಿರಿಯರು. ಹೆಸರಘಟ್ಟದ ಹತ್ತಿರ ಅವರಿಗೆ ಈಗಲೂ ತೋಟ ಇದೆ. ಸೊಟ್ಟಗೆ ನಿಂತ ಮುದಿ ಮರಗಳ ಫೋಟೋ ತೆಗೆಯಲು ಹಿಮಾಲಯಕ್ಕೆ ಹೊರಟಿದ್ದೇನೆ ಅಂದೆ.

“ಮರದ ಫೋಟೋ ತೆಗೆಯೋಕೆ ಅಷ್ಟು ದೂರ ಯಾಕಪ್ಪಾ?” ಅಂದರು. “ನಮ್ ತೋಟದಾಗೆ ಒಂದು ಬೇವಿನಮರ ಐತೆ. ಒಣಗಿ ಸೊಟ್ಟಗೆ ನಿಂತೈತೆ. ನೀನು ಏಳಿದಂಗೇ ಐತೆ.”

“ಇಲ್ಲ ಗೌಡ್ರೇ, ಅಲ್ಲಿ ಮರದ ಮೇಲೆ ಹಿಮ ಬಿದ್ದಿರುತ್ತೆ. ಕೊಂಬೆ ಕೊಂಬೆಯೂ ಬೆಳ್ಳಗಾಗಿರುತ್ತೆ. ಅದೇ ಚಂದ.”

ಗೌಡರು ಎಲೆಗೆ ಸುಣ್ಣ ಸವರುತ್ತಿದ್ದವರು ನಿಲ್ಲಿಸಿ, ನನ್ನ ಮುಖವನ್ನೇ ನೋಡಿ, ತುಂಬ ಪ್ರೀತಿಯಿಂದ ಹೇಳಿದರು:

“ಬೆಳ್ಳಗಾಗ್‌ಬೇಕು ಅಷ್ಟೇ ತಾನೆ? ಅದಕ್ಯಾಕೆ ಇಮಾಲಯ? ನಾಳೆ ಬೆಳಿಗ್ಗೆನೇ ಸುಣ್ಣ ಒಡಿಸ್ಕೊಡ್ತೀನಿ ಬಿಡು.”

ಬ್ಯಾಟರಿ

ಹಿಮಾಲಯದ ಚಳಿಗೆ ಕ್ಯಾಮೆರಾ ಬ್ಯಾಟರಿ ಸುಮ್ಮನೆ ಇಟ್ಟರೂ ಸತ್ತುಹೋಗುತ್ತದೆ. ಅದಕ್ಕೇ ಬ್ಯಾಟರಿಗಳನ್ನು ಉಣ್ಣೆ ಕಾಲುಚೀಲದಲ್ಲಿ ಸುತ್ತಿ, ಎದೆಗೆ ಅವಚಿಕೊಂಡು ಮಲಗುವುದು ನಮ್ಮಂಥ ಫೋಟೋಗ್ರಾಫರುಗಳ ವಾಡಿಕೆ. ಒಂದು ಬೆಳಿಗ್ಗೆ ಇನ್ನೂ ರಜಾಯಿಯೊಳಗೇ ಇದ್ದೆ, ಹೆಂಡತಿಯ ವಿಡಿಯೋ ಕಾಲ್ ಬಂತು.

“ಅದೇನ್ರೀ ಎದೆ ಮೇಲೆ ಗಂಟು?”

“ಬ್ಯಾಟರಿ ಕಣೇ. ಚಳಿ ತಾಗಬಾರದು ನೋಡು. ಆಗಾಗ ಮುಟ್ಟಿ ನೋಡ್ತಿರ್ತೀನಿ, ಬೆಚ್ಚಗಿದ್ಯಾ ಅಂತ. ಮಗ್ಗುಲು ಬದಲಾಯಿಸುವಾಗಲೂ ಹುಷಾರಾಗಿರಬೇಕು.”

ಅವಳು ಫೋನನ್ನು ಮುಖದ ಹತ್ತಿರ ತಂದು ಆ ಗಂಟನ್ನೇ ದಿಟ್ಟಿಸಿದಳು.

“ಮಗಳು ಹುಟ್ಟಿದಾಗ, ಅರ್ಧ ಗಂಟೆ ಎತ್ಕೊಳ್ಳಿ ಅಂದ್ರೆ ಸೊಂಟ ನೋವು ಅಂತಿದ್ರಲ್ಲ,” ಅಂದಳು, “ಪಾಪ, ಅವಳನ್ನ ಚಾರ್ಜರ್ ಸಮೇತ ಹೆರಬೇಕಿತ್ತು ನಾನು.”

ತಟ್ಟೆ

ನಮ್ಮತ್ತೆ ವಿಜಾಪುರದ ಕಡೆಯವರು. ಅಳಿಯ ಯಾವ ದಿಕ್ಕಿಗೆ ಹೋದರೂ ಖಡಕ್ ರೊಟ್ಟಿ ಕಟ್ಟದೆ ಕಳಿಸಿದವರಲ್ಲ. “ಒಯ್ರಿ, ಆ ಥಂಡ್ಯಾಗ ಏನ್ ತಿಂತೀರಿ? ತಿಂಗಳಿದ್ರೂ ಕೆಡಂಗಿಲ್ಲ,” ಅಂತ ಚೀಲದಲ್ಲಿ ತುರುಕಿದ್ದರು.

ಜೊತೆಗೆ ಬರುತ್ತಿದ್ದ ಗೈಡ್ ಆ ಬೆಟ್ಟದ ಊರಿನವನೇ, ಮಧ್ಯವಯಸ್ಸಿನ ಸಾಧು ಮನುಷ್ಯ. ಮಧ್ಯಾಹ್ನ ಒಂದು ಬಂಡೆಯ ಮೇಲೆ ಹಿಮ ಸರಿಸಿ ಊಟಕ್ಕೆ ಕೂತೆವು. ಅವನು ಆಲೂಗಡ್ಡೆ ಪಲ್ಯ ತಂದಿದ್ದ. ನಾನು ಅವನಿಗೊಂದು ರೊಟ್ಟಿ ಕೊಟ್ಟು, ಮೋಡ ಸರಿದು ಒಳ್ಳೇ ಬೆಳಕು ಬಿತ್ತೆಂದು ಎದುರಿನ ಮರದ ಹತ್ತಿರ ಓಡಿದೆ.

ವಾಪಸ್ ಬಂದಾಗ ಅವನ ಊಟ ಮುಗಿದಿತ್ತು. ಪಲ್ಯವನ್ನೆಲ್ಲ ರೊಟ್ಟಿಯ ಮೇಲೆ ಬಡಿಸಿಕೊಂಡು, ಪಲ್ಯ ಮಾತ್ರ ತಿಂದು, ರೊಟ್ಟಿಯನ್ನು ಒಂದಿಷ್ಟು ಹಿಮ ಹಾಕಿ ನೀಟಾಗಿ ಉಜ್ಜಿ ತೊಳೆದು, ಎರಡೂ ಕೈಯಲ್ಲಿ ಹಿಡಿದು ನನಗೆ ಹಿಂತಿರುಗಿಸಿದ.

“ತುಂಬ ಒಳ್ಳೇ ತಟ್ಟೆ ಸಾಬ್,” ಅಂದ ಹಿಂದಿಯಲ್ಲಿ. “ಭಾರಾನೇ ಇಲ್ಲ!”

ನನಗೋ ಹಸಿವು. ವಿವರಿಸುವಷ್ಟು ಹಿಂದಿಯೂ ಇಲ್ಲ. ಚೀಲದಿಂದ ಇನ್ನೊಂದು ರೊಟ್ಟಿ ತೆಗೆದು ಕಟುಂ ಅಂತ ಕಡಿದೆ. ಅವನು ಬೆಚ್ಚಿ ಎದ್ದು ನಿಂತ. ಸಂಜೆ ಊರಿಗೆ ಇಳಿದಾಗ ಅವನ ಹೆಂಡತಿ ನನಗೆ ಊಟ ಬಡಿಸಿ, ಊಟ ಮುಗಿಯುವ ತನಕ ಪಕ್ಕದಲ್ಲೇ ನಿಂತಿದ್ದಳು. ಉಪಚಾರ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ತನ್ನ ಸ್ಟೀಲ್ ತಟ್ಟೆ ಕಾಯುತ್ತಿದ್ದಳಂತೆ.

ಮಂತ್ರ

ಮರುದಿನ ಒಂದು ದೇವದಾರು ಸಿಕ್ಕಿತು. ಒಂದು ಮಗ್ಗುಲು ಪೂರ್ತಿ ಗಾಳಿಗೆ ಬೋಳಾಗಿ, ಇನ್ನೊಂದು ಮಗ್ಗುಲಲ್ಲಿ ಮಾತ್ರ ಕೊಂಬೆ ಚಾಚಿ, ಮುದುಕನೊಬ್ಬ ಶಾಲು ಹೊದ್ದು ನಿಂತ ಹಾಗಿತ್ತು. ನಾನು ಹಿಮದಲ್ಲಿ ಮಂಡಿಯೂರಿದೆ. ಇಷ್ಟು ವರ್ಷದ ಅಭ್ಯಾಸ ನೋಡಿ, ಕಣ್ಣು ಕ್ಯಾಮೆರಾಕ್ಕೆ ಹೋಗಿದ್ದೇ ತಡ, ಬಾಯಿ ತಾನಾಗೇ ಶುರುಮಾಡಿತು:

“ಗದ್ದ ಸ್ವಲ್ಪ ಕೆಳಗೆ... ಸಾಕು, ಸಾಕು... ಭುಜ ಸಡಿಲ ಬಿಡಿ... ಅಲ್ಲಾಡ್ಬೇಡಿ... ಕಣ್ಣು ಮಿಟುಕಿಸ್ಬೇಡಿ... ಹಾಂ, ಆಯ್ತು!”

ತಿರುಗಿ ನೋಡಿದರೆ ಗೈಡ್ ಟೋಪಿ ತೆಗೆದು, ಕಣ್ಣು ಮುಚ್ಚಿ, ಕೈ ಮುಗಿದು ನಿಂತಿದ್ದಾನೆ. ದಕ್ಷಿಣದವರ ಮಂತ್ರ ಅಂದುಕೊಂಡಿದ್ದಾನೆ ಪುಣ್ಯಾತ್ಮ! ಅವತ್ತಿನಿಂದ ಯಾವ ಮರದ ಮುಂದೆ ನಿಂತರೂ, “ಸಾಬ್, ಪೂಜೆ?” ಅಂತ ನೆನಪಿಸುತ್ತಿದ್ದ. ಅವನ ಮನಸ್ಸು ನೋಯಿಸುವುದು ಯಾಕೆ ಅಂತ ನಾನೂ ಆ ‘ಮಂತ್ರ’ ಹೇಳುತ್ತಿದ್ದೆ. ಹೊರಡುವ ದಿನ ಅವನ ತಾಯಿ ಮಂಡಿನೋವೆಂದು ನನ್ನ ಮುಂದೆ ಬಂದು ಕೂತರು. ಮಗ ಅವರ ಮಂಡಿ ಮುಟ್ಟಿ, ಕಣ್ಣು ಮುಚ್ಚಿ, ಅಚ್ಚಗನ್ನಡದಲ್ಲಿ ಭಕ್ತಿಯಿಂದ ಹೇಳಿದ:

“ಗದ್ದ ಸೊಲ್ಪ ಕೆಳಗೆ. ಸಾಕು, ಸಾಕು.”

ಬಿಳಿ ಬ್ಯಾಕ್‌ಗ್ರೌಂಡ್

ಇನ್ನೊಂದು ವರ್ಷ, ಮರಗಳ ಸಾಲು ಮುಗಿಯುವಷ್ಟು ಎತ್ತರಕ್ಕೆ ಹತ್ತಿದ್ದೆ. ಎದುರಿಗೆ ಕೊನೆಯದೊಂದು ಕುಳ್ಳ ಮರ, ಸುತ್ತ ಬಿಳಿ. ಒಂದು ಹಕ್ಕಿಯ ದನಿಯೂ ಇಲ್ಲ. ‘ಇಲ್ಲಿ ನಾನು, ಈ ಮರ, ಮೇಲೆ ಆಕಾಶ, ಇಷ್ಟೇ’ ಅಂತ ಮನಸ್ಸು ತುಂಬಿ ಬರುತ್ತಿತ್ತು.

“ಮಗಾ! ಇಲ್ಲಿ ಬಾರೋ, ಸಖತ್ತಾಗಿದೆ ಗುರು!”

ದಿಬ್ಬದ ಆಚೆಯಿಂದ ಬಾಡಿಗೆ ಜಾಕೆಟ್ ಹಾಕಿಕೊಂಡ ಹುಡುಗರ ಗುಂಪು ಜಾರಿಕೊಂಡು ಬಂತು. ಅವರಲ್ಲೊಬ್ಬ ನನ್ನನ್ನೇ ದಿಟ್ಟಿಸಿ, “ಅಂಕಲ್, ನೀವು ಮತ್ತಿಕೆರೆ ಸ್ಟುಡಿಯೋ ಅಂಕಲ್ ಅಲ್ವಾ?” ಅಂದ. ನಮ್ಮ ರಸ್ತೆಯಲ್ಲೇ ರೂಮು ಮಾಡಿಕೊಂಡಿರುವ ಕಾಲೇಜು ಹುಡುಗರು!

“ನಾವು ಬರೋ ಮುಂಚೆ ನಿಮ್ಮಂಗಡಿಗೆ ಬಂದಿದ್ವಿ ಅಂಕಲ್, ಕ್ಲೋಸ್ ಇತ್ತು. ಹಾಲ್ ಟಿಕೆಟ್‌ಗೆ ಫೋಟೋ ಬೇಕಿತ್ತು.”

“ಊರಿಗೆ ಬಂದ ಮೇಲೆ ತೆಗೀತೀನಪ್ಪ,” ಅಂದೆ.

ಅವನು ಸುತ್ತಲಿನ ಹಿಮವನ್ನು ಒಮ್ಮೆ ನೋಡಿ, ಜಾಕೆಟ್ ಬಿಚ್ಚಿ ಕ್ರಾಪು ಸರಿ ಮಾಡಿಕೊಂಡ.

“ಯಾಕೆ ಅಂಕಲ್? ಇಲ್ಲೇ ತೆಗೆದ್ಬಿಡಿ. ಬ್ಯಾಕ್‌ಗ್ರೌಂಡ್ ಹೆಂಗೂ ಬಿಳಿನೇ ಕೇಳಿದ್ದಾರೆ!”

ಜಕ್ಕೂರಿನ ಗೋಡೆ

ಇದು ಮಾತ್ರ ಎಲ್ಲಕ್ಕಿಂತ ದೊಡ್ಡದು.

ನನ್ನ ಕೈಯಿಂದ ಬಂದ ಅತ್ಯುತ್ತಮ ಫೋಟೋ ಒಂದಿದೆ. ಬೆಟ್ಟದ ಅಂಚಿನಲ್ಲಿ ಒಂಟಿಮರ, ಸೀಳಿದ ಕಾಂಡದೊಳಗೂ ಹಿಮ, ಹಿಂದೆ ಶಿಖರಗಳು. ಬೆಳಗಿನಿಂದ ಮಂಜು ಸರಿಯಲಿ ಅಂತ ಕಾದು ಕಾದು ಕಾಲಿನ ಬೆರಳು ಇವೆಯೋ ಇಲ್ಲವೋ ತಿಳಿಯದಂತಾಗಿ, ಇನ್ನು ಇಳಿದುಬಿಡೋಣ ಅನ್ನುವಷ್ಟರಲ್ಲಿ ಮೋಡ ಬಾಯಿ ಬಿಟ್ಟಿತು. ಒಂದೇ ಒಂದು ಫ್ರೇಮ್, ಮತ್ತೆ ಮುಚ್ಚಿಕೊಂಡಿತು. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಸ್ಟುಡಿಯೋದಲ್ಲಿ ತೂಗುಹಾಕಿದ್ದೆ. ಬಂದವರೆಲ್ಲ ಅದರ ಕೆಳಗಿದ್ದ ಕನ್ನಡಿಯಲ್ಲಿ ತಲೆ ಬಾಚಿಕೊಂಡು ಹೋಗುತ್ತಿದ್ದರು. ಒಬ್ಬರೂ ಕತ್ತೆತ್ತಿ ನೋಡಿರಲಿಲ್ಲ.

ಒಂದು ದಿನ ಜಕ್ಕೂರಿನ ಯಜಮಾನರೊಬ್ಬರು ಬಂದರು. ಕೆರೆಯ ಕಡೆ ಹೊಸ ಮನೆ ಕಟ್ಟಿಸಿದ್ದರು. ಬಂದವರೇ ಫೋಟೋ ಮುಂದೆ ನಿಂತುಬಿಟ್ಟರು. “ಆಹಾ! ಏನ್ ಮರ ಕಣ್ರೀ! ನಮ್ಮನೆ ಗೋಡೆ ತುಂಬ ಇದೇ ಇರ್‌ಬೇಕು.” ನನಗೆ ಕಣ್ಣಲ್ಲಿ ನೀರೇ ಬಂತು; ಚಳಿಯಲ್ಲಿ ಕಾದ ಕಥೆಯನ್ನೆಲ್ಲ ಹೇಳಿಬಿಟ್ಟೆ. “ಒಂದೇ ಒಂದು ಸಣ್ಣ ಕೆಲಸ,” ಅಂದರು. “ಮರದ ಕೆಳಗೆ ನಮ್ ಫ್ಯಾಮಿಲಿ ನಿಲ್ಲಿಸ್ಕೊಡಿ.”

ಕಂಪ್ಯೂಟರಿನಲ್ಲಿ ಎಲ್ಲಿ ಬೇಕಾದರೂ ಯಾರನ್ನು ಬೇಕಾದರೂ ನಿಲ್ಲಿಸಬಹುದು. ಅಂತೂ ನನ್ನ ಮರ ಒಂದು ಮನೆ ಸೇರುತ್ತಲ್ಲ ಅಂತ ಒಪ್ಪಿದೆ. ಮನೆಯವರೆಲ್ಲ ರೇಷ್ಮೆ ಉಟ್ಟು ಬಂದರು. ಸ್ಟುಡಿಯೋದ ನೀಲಿ ಪರದೆ ಮುಂದೆ ಫೋಟೋ ತೆಗೆದು, ಮರದ ಕೆಳಗೆ ನಿಲ್ಲಿಸಿ ಕಳಿಸಿದೆ. ಅವತ್ತೇ ಫೋನ್ ಬಂತು.

“ಸಾರ್, ಚೆನ್ನಾಗೈತೆ. ಆದ್ರೆ ಈ ಇಮದಾಗೆ ರೇಷ್ಮೆ ಸೀರೆ ಉಟ್ರೆ ಚಳಿಯಾಗಲ್ವಾ, ನೋಡಿದೋರು ನಗ್ತಾರೆ ಅಂತಾಳೆ ನಮ್ಮನೆಯೋಳು. ಇಮ ತೆಗೆದ್ಬಿಡಿ.”

ತೆಗೆದೆ. ಮತ್ತೆ ಫೋನ್. “ಇಮ ತೆಗೆದ್ಮೇಲೆ ಮರ ಒಣಗಿರೋದು ಕಾಣ್ತೈತೆ. ಒಸ ಮನೆಗೆ ಒಣಮರ ಬ್ಯಾಡ ಅಂತೈತೆ ನಮ್ಮವ್ವ. ನಾಕು ಎಲೆ ಆಕಿ.”

ಹಾಕಿದೆ. “ಎಲೆ ನೆರಳು ಅಳಿಯಂದಿರ ಮುಖಕ್ಕೆ ಬೀಳ್ತೈತೆ, ಕಪ್ಪಗೆ ಕಾಣ್ತಾರೆ.” ಬೆಳ್ಳಗೆ ಮಾಡಿದೆ. “ಇಂದ್ಗಡೆ ಇರೋ ಬೆಟ್ಟ ತಲೆ ಮೇಲೆ ಕುಂತಂಗೈತೆ, ವಾಸ್ತುಗೆ ಆಗಲ್ವಂತೆ.” ಬೆಟ್ಟವನ್ನೂ ಕಿತ್ತೆ. ಕೊನೆಯದಾಗಿ ಯಜಮಾನರೇ ಸ್ಟುಡಿಯೋಕ್ಕೆ ಬಂದರು. ಬಹಳ ಸಂಕೋಚದಿಂದ ಕತ್ತು ಕೆರೆದುಕೊಂಡು ಹೇಳಿದರು:

“ಸಾರ್, ಎಲ್ಲಾ ಸರಿಯಾಗೈತೆ. ಆ ಮರ ಒಂದು ಅಡ್ಡ ಬರ್ತೈತೆ.”

ಅದೂ ಹೋಯಿತು. ಉಳಿದದ್ದು ನೀಲಿ ಪರದೆ, ಅದರ ಮುಂದೆ ರೇಷ್ಮೆ ಉಟ್ಟ ಸಂಸಾರ. ನನ್ನ ಮರ ನನ್ನ ಗೋಡೆಯ ಮೇಲೆ ಹಾಗೇ ನಿಂತಿತ್ತು. ಅದರ ಮುಖ ನೋಡಿದಾಗ ಯಾಕೋ ಬೇಜಾರಿನ ಬದಲು ನಗು ಬಂತು.

ಗೃಹಪ್ರವೇಶಕ್ಕೆ ಕರೆದಿದ್ದರು. ಹೋದೆ. ಹಾಲ್‌ನ ಗೋಡೆ ತುಂಬ ಚಿನ್ನದ ಬಣ್ಣದ ಫ್ರೇಮು, ಮೇಲೆ ಲೈಟು. ಯಜಮಾನರು ನನ್ನ ಕೈ ಹಿಡಿದು ನೆಂಟರ ಮಧ್ಯೆ ಎಳೆದುಕೊಂಡು ಹೋದರು.

“ನೋಡ್ರಪ್ಪೋ, ಇವ್ರೇ ಅವ್ರು! ಈ ಒಂದು ಫೋಟೋಗೋಸ್ಕರ ಇಮಾಲಯಕ್ಕೇ ಓಗಿ, ಚಳಿಯಾಗೆ ಕಾಲು ಮರಗಟ್ಟಿಸ್ಕೊಂಡು ಬಂದೋರು!”

ನೆಂಟರೆಲ್ಲ ಹೋ ಅಂತ ಬಾಯಿ ತೆರೆದರು. ಸೋದರಮಾವನೊಬ್ಬರು ಮಾತ್ರ ಕನ್ನಡಕ ಏರಿಸಿಕೊಂಡು ಫೋಟೋದ ಹತ್ತಿರ ಹೋಗಿ, ಮೇಲಿಂದ ಕೆಳಗೆ ನೋಡಿ, ಅನುಮಾನದಿಂದ ಕೇಳಿದರು:

“ಅಲ್ಲಯ್ಯಾ, ಇದು ಮತ್ತಿಕೆರೆ ಸ್ಟುಡಿಯೋದಾಗೆ ತೆಗ್ದಂಗೈತಲ್ಲ?”

ಯಜಮಾನರು ನನ್ನ ಬೆನ್ನಿಗೊಂದು ಗುದ್ದಿ, ಎದೆಯುಬ್ಬಿಸಿ ಅಂದರು:

“ಅದೇ ಮಾವ, ಇವ್ರ ಕೈಚಳಕ!”